ಅಜ್ಟೆಕ್, ಇಂಕಾ ಜನ ಪೂರ್ತಿ ನಾಶವಾದರೇ? ಉಳಿದವರು ತಮ್ಮದನ್ನು ಹೇಗೆ ಉಳಿಸಿಕೊಂಡರು?

ಬೇಲೂರು ಟೀಚರ್

ಎಲ್ಲರಿಗೂ ನಮಸ್ಕಾರ. ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ಒಂಬತ್ತನೇ ತರಗತಿಗೆ ಭೌಗೋಳಿಕ ಅನ್ವೇಷಣೆಗಳ ಪಾಠ ನಡೀತಿದೆ. 1492ರಲ್ಲಿ ಕೊಲಂಬಸ್ ಬಂದ, 1521ರಲ್ಲಿ ಕೊರ್ಟೆಸ್ ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ ಹಿಡಿದ, 1532ರಲ್ಲಿ ಪಿಜಾರೊ ಇಂಕಾ ದೊರೆ ಅಟಾಹುವಲ್ಪನನ್ನು ಕಾಹಮಾರ್ಕದಲ್ಲಿ ಸೆರೆಹಿಡಿದ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ತಿರುಗಿದಾಗ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಹಕ್ಕಿಪಿಕ್ಕಿ ಸಮುದಾಯದವಳು. ಮನೇಲಿ ವಾಗ್ರಿ ಮಾತಾಡ್ತಾರೆ, ಶಾಲೇಲಿ ಕನ್ನಡ.

"ಮಿಸ್, ಅವರೆಲ್ಲ ಸತ್ತೋದ್ರಾ? ಅವರ ಭಾಷೆ ಈಗ ಯಾರೂ ಮಾತಾಡಲ್ವಾ?"

ಇಲ್ಲಮ್ಮ, ಮೆಕ್ಸಿಕೊ, ಪೆರು ಎಲ್ಲ ಕಡೆ ಆ ಜನ ಈಗಲೂ ಇದ್ದಾರೆ ಅಂದೆ. "ಹಂಗಾದ್ರೆ ಹೆಂಗೆ ಉಳ್ಕೊಂಡ್ರು?" ಅನ್ನೋದು ಮುಂದಿನ ಪ್ರಶ್ನೆ. ನಾಳೆ ಹೇಳ್ತೀನಿ ಅಂತ ಕೂರಿಸಿದ್ದೀನಿ. ಆ ಮಗು ಅಮೆರಿಕದ ಸುದ್ದಿ ಮಾತ್ರ ಕೇಳ್ತಿಲ್ಲ ಅನ್ನಿಸ್ತು ನನಗೆ, ಅದಕ್ಕೇ ಎರಡು ವಾಕ್ಯದಲ್ಲಿ ಮುಗಿಸೋಕೆ ಮನಸ್ಸು ಬರಲಿಲ್ಲ.

ಯುದ್ಧಗಳ ಪಟ್ಟಿ ನನಗೆ ಸಿಗುತ್ತೆ. ನನಗೆ ಬೇಕಾಗಿರೋದು ಬೇರೆ. ದೇವಸ್ಥಾನ ಒಡೆದ ಮೇಲೆ, ಪುಸ್ತಕ ಸುಟ್ಟ ಮೇಲೆ, ಭಾಷೆ ಆಡಬೇಡಿ ಅಂದ ಮೇಲೆ ಸಾಮಾನ್ಯ ಜನ ಏನು ಮಾಡಿದರು? ಯಾವ ಊರಲ್ಲಿ, ಯಾರು, ಏನನ್ನು ಉಳಿಸಿದರು? ಹೆಸರು, ಊರು, ಇಸವಿ ಇರೋ ಕಥೆಗಳಿದ್ದರೆ ಹೇಳಿ, ಮಕ್ಕಳಿಗೆ ಅವು ನೆನಪಿರುತ್ತವೆ.

ಇನ್ನೊಂದು ಸಣ್ಣ ವಿಷಯ. ಅದೇ ತರಗತಿಯ ಹುಡುಗನೊಬ್ಬ, "ಹಳೇಬೀಡಿನ ಶಿಲ್ಪದ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ, ಕೊಲಂಬಸ್‌ಗಿಂತ ಮೊದಲೇ ನಾವು ಅಮೆರಿಕಕ್ಕೆ ಹೋಗಿದ್ವಿ" ಅಂದ. ಇದಕ್ಕೆ ಏನು ಹೇಳಲಿ?

ಚಿಕ್ಕಮಗಳೂರು ಎಂಎ

ಮೇಡಂ, ಮೊದಲು ಸಾವಿನ ವಿಷಯ ಮುಚ್ಚುಮರೆಯಿಲ್ಲದೆ ಹೇಳಿ. ಇಲ್ಲಾಂದ್ರೆ "ಎಲ್ಲ ಉಳಿದುಕೊಂಡರು" ಅನ್ನೋ ಸುಳ್ಳು ಸಮಾಧಾನ ಆಗಿಬಿಡುತ್ತೆ.

ಟೆನೊಚ್ಟಿಟ್ಲಾನ್ ಬಿದ್ದಿದ್ದು ಬರೀ ಕತ್ತಿ, ಕುದುರೆ, ಫಿರಂಗಿಯಿಂದ ಅಲ್ಲ. 1520ರಲ್ಲೇ ಸಿಡುಬು ಊರೊಳಗೆ ನುಗ್ಗಿತ್ತು. ಅಜ್ಟೆಕ್ ದೊರೆ ಮೊಕ್ಟೆಸುಮನ ನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್ ಕೆಲವೇ ವಾರಗಳಲ್ಲಿ ಸಿಡುಬಿಗೆ ಸತ್ತ. ಜೊತೆಗೆ ಟ್ಲಾಸ್ಕಾಲ ಮುಂತಾದ ಕಡೆಯ ಸಾವಿರಾರು ಸ್ಥಳೀಯ ಯೋಧರು ಅಜ್ಟೆಕರ ಮೇಲಿನ ಹಗೆಗೆ ಸ್ಪೇನಿನವರ ಪಕ್ಕ ನಿಂತಿದ್ದರು. ಆಮೇಲೆ 1545ರಲ್ಲಿ ಒಂದು, 1576ರಲ್ಲಿ ಇನ್ನೊಂದು ಭೀಕರ ಸಾಂಕ್ರಾಮಿಕ ಬಂತು. ಮಧ್ಯ ಮೆಕ್ಸಿಕೊದಲ್ಲಿ ನೂರು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಪಾಲು ಜನ ಇಲ್ಲವಾದರು ಅಂತ ಅನೇಕ ಇತಿಹಾಸಕಾರರ ಅಂದಾಜು. ಕೊಲಂಬಸ್ ಮೊದಲು ಕಂಡ ಟೈನೊ ಜನರ ದ್ವೀಪಗಳಲ್ಲಂತೂ ರೋಗ, ಚಿನ್ನದ ಗಣಿಯ ಬಿಟ್ಟಿ ದುಡಿಮೆ, ಹಸಿವು ಮೂರೂ ಸೇರಿ ಐವತ್ತೇ ವರ್ಷದಲ್ಲಿ ಹಳ್ಳಿಗಳು ಬರಿದಾದವು.

1513ರಿಂದ ಸ್ಪೇನಿನ ಪಡೆ ಒಂದು ಘೋಷಣಾಪತ್ರ ಹಿಡಿದು ಹೋಗುತ್ತಿತ್ತು. "ನಮ್ಮ ರಾಜನಿಗೂ ಧರ್ಮಕ್ಕೂ ತಲೆಬಾಗಿ, ಇಲ್ಲದಿದ್ದರೆ ಯುದ್ಧ, ಗುಲಾಮಗಿರಿ, ತಪ್ಪು ನಿಮ್ಮದೇ" ಅನ್ನೋ ಅರ್ಥದ ಪತ್ರ. ಕೇಳುವವರಿಗೆ ಒಂದಕ್ಷರ ತಿಳಿಯದ ಭಾಷೆಯಲ್ಲಿ ಓದಿ ದಾಳಿ ಶುರು ಮಾಡುತ್ತಿದ್ದರು. ಇದನ್ನು ತರಗತಿಯಲ್ಲಿ ಹೇಳಲೇಬೇಕು.

ನಿವೃತ್ತ ತೋಟಗಾರಿಕೆ ಅಧಿಕಾರಿ, ಹಾಸನ

ಟೀಚರಮ್ಮ, ನಾನು ಇತಿಹಾಸ ಓದಿದವನಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಇದ್ದವನು. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿಗಟ್ಟಲೆ ಬಂದು ಇಳಿಯುತ್ತದಲ್ಲ, ಅಲ್ಲಿ ರೈತರ ನಡುವೆ ನನ್ನ ಬಹುಪಾಲು ಆಯಸ್ಸು ಕಳೆಯಿತು. ನಮ್ಮಲ್ಲಿ ಹೆಚ್ಚಾಗಿ ಹಾಕುವುದು ಕುಫ್ರಿ ಜ್ಯೋತಿ. ಜುಲೈನಲ್ಲಿ ಮೋಡ ಕಟ್ಟಿ ಜಡಿಮಳೆ ಹಿಡಿದರೆ ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ. ಈ ರೋಗ ತಡೆಯುವ ಗುಣ ಯಾವ ಆಲೂಗಡ್ಡೆಯಲ್ಲಿದೆ ಎಂದು ಹುಡುಕಿಕೊಂಡು ಓದುತ್ತಾ ಹೋದಾಗ ನನಗೆ ಪೆರು ಪರಿಚಯವಾಯಿತು. ಅಲ್ಲಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಆಂಡಿಸ್ ಬೆಟ್ಟದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿ ಆಲೂಗಡ್ಡೆ ತಳಿಗಳಿವೆ. ಒಂದೇ ಹೊಲದಲ್ಲಿ ಹತ್ತಾರು ತಳಿ ಕಲಸಿ ನೆಡುತ್ತಾರೆ. ಒಂದು ಹಿಮಕ್ಕೆ ಹೋದರೆ ಇನ್ನೊಂದು ನಿಲ್ಲುತ್ತದೆ. ಸ್ಪೇನಿನವರು ಇಂಕಾಗಳ ರಾಜಧಾನಿ ಕುಸ್ಕೊ ನಗರದ ಸೂರ್ಯ ದೇವಾಲಯದ ಮೇಲೆಯೇ ಚರ್ಚು ಕಟ್ಟಿದರು, ಚಿನ್ನದ ತಗಡುಗಳನ್ನು ಕಿತ್ತು ಕರಗಿಸಿದರು. 1545ರಲ್ಲಿ ಪೊಟೊಸಿಯ ಬೆಳ್ಳಿ ಬೆಟ್ಟ ಸಿಕ್ಕಿತು. 1570ರ ದಶಕದಲ್ಲಿ ವೈಸರಾಯ್ ಟೊಲೆಡೊ ಸುತ್ತಲ ಪ್ರಾಂತ್ಯಗಳ ಏಳು ಗಂಡಸರಲ್ಲಿ ಒಬ್ಬ ಸರದಿಯ ಮೇಲೆ ಗಣಿಗೆ ಬರಲೇಬೇಕೆಂದು ಕಟ್ಟಳೆ ಮಾಡಿದ. ಆ ಗಣಿ ಕೆಲಸಗಾರರ ಹೊಟ್ಟೆ ತುಂಬಿಸಿದ್ದು ಚುನ್ಯೊ. ರಾತ್ರಿಯ ಹಿಮಕ್ಕೆ ಆಲೂಗಡ್ಡೆ ಹರಡಿ, ಬೆಳಿಗ್ಗೆ ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿದ್ದು. ವರ್ಷಗಟ್ಟಲೆ ಕೆಡದೆ ಇರುತ್ತದೆ. ಈ ವಿದ್ಯೆ ಇಂಕಾಗಳಿಗಿಂತ ಹಳೆಯದು, ಈಗಲೂ ಮಾಡುತ್ತಾರೆ.

ಇನ್ನು ದೇವರ ವಿಷಯ. 1560ರ ದಶಕದಲ್ಲಿ ಪೆರುವಿನ ಅಯಾಕುಚೊ ಸೀಮೆಯಲ್ಲಿ 'ಟಕಿ ಒಂಕೊಯ್' ಎಂಬ ಚಳವಳಿ ಎದ್ದಿತು. ಬೆಟ್ಟ, ಬುಗ್ಗೆ, ಬಂಡೆಗಳಲ್ಲಿದ್ದ ದೇವರುಗಳನ್ನು ಅವರು ವಾಕಾ ಎನ್ನುತ್ತಾರೆ. ಪೂಜೆ ನಿಂತು ಹಸಿದ ಆ ವಾಕಾಗಳು ಈಗ ಜನರ ಮೈಮೇಲೆ ಬಂದಿವೆ, ಅವು ಒಟ್ಟಾಗಿ ಕ್ರೈಸ್ತರ ದೇವರನ್ನು ಸೋಲಿಸುತ್ತವೆ ಎಂದು ಹೆಂಗಸರು ಗಂಡಸರು ದಿನಗಟ್ಟಲೆ ನಡುಗುತ್ತಾ ಕುಣಿದರು. ಸ್ಪೇನಿನ ಊಟ ಮುಟ್ಟಬೇಡಿ, ಅವರ ಬಟ್ಟೆ ಉಡಬೇಡಿ, ಚರ್ಚಿಗೆ ಹೋಗಬೇಡಿ ಎಂದು ಸಾರಿದರು. ನಮ್ಮ ಕಡೆ ಊರ ಹಬ್ಬದಲ್ಲಿ ದೇವರು ಮೈದುಂಬುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರುವುದಿಲ್ಲ. ಕ್ರಿಸ್ಟೊಬಲ್ ದೆ ಅಲ್ಬೊರ್ನೊಸ್ ಎಂಬ ಪಾದ್ರಿ ಹಳ್ಳಿ ಹಳ್ಳಿ ತಿರುಗಿ ಈ ಚಳವಳಿಯನ್ನು ಅಡಗಿಸಿದ.

ಆ ಪಾದ್ರಿಯ ಜೊತೆ ತಿರುಗಾಡಿದ ಸ್ಥಳೀಯನೊಬ್ಬನ ಹೆಸರು ಗುವಾಮನ್ ಪೊಮ. ಸ್ಪೇನಿನವರ ಅಕ್ಷರ ಕಲಿತವನು. ಅವನೇ ಮುದಿವಯಸ್ಸಿನಲ್ಲಿ ಕೂತು ಸುಮಾರು 1,200 ಪುಟ ಬರೆದ, 398 ಚಿತ್ರ ಬಿಡಿಸಿದ. 1615ರ ಹೊತ್ತಿಗೆ ಮುಗಿದ ಆ ಬರಹ ನೇರ ಸ್ಪೇನಿನ ದೊರೆ ಮೂರನೇ ಫಿಲಿಪನಿಗೆ ಬರೆದದ್ದು. ನಿನ್ನ ಅಧಿಕಾರಿಗಳು, ಪಾದ್ರಿಗಳು ನಮ್ಮ ಜನರನ್ನು ಹೇಗೆ ಹೊಡೆಯುತ್ತಾರೆ ನೋಡು, ನಿನ್ನವರು ಬರುವ ಮೊದಲು ನಮ್ಮಲ್ಲಿ ಎಂಥ ವ್ಯವಸ್ಥೆ ಇತ್ತು ನೋಡು, ಎಂದು. ಸ್ಪ್ಯಾನಿಷ್ ನಡುವೆ ಇಂಕಾಗಳ ಭಾಷೆಯಾದ ಕೆಚುವಾ ಮಾತುಗಳು. ಅದರಲ್ಲಿ ತಿಂಗಳಿಗೊಂದು ಕೃಷಿ ಚಿತ್ರ ಇದೆ. ಜೂನ್ ಚಿತ್ರದಲ್ಲಿ ಗಂಡಸು ಕಾಲಿನಿಂದ ಒತ್ತುವ ನೇಗಿಲಿನಲ್ಲಿ ಆಲೂಗಡ್ಡೆ ಅಗೆಯುತ್ತಾನೆ, ಹೆಂಗಸು ಬಾಗಿ ಆರಿಸುತ್ತಾಳೆ. ನನಗೆ ಬಹಳ ಇಷ್ಟವಾದ ಚಿತ್ರ ಅದು. ರಾಜ ಓದಿದ್ದಕ್ಕೆ ಯಾವ ಗುರುತೂ ಇಲ್ಲ. ಹಸ್ತಪ್ರತಿ ಹೇಗೋ ಡೆನ್ಮಾರ್ಕ್ ಸೇರಿ, 1908ರಲ್ಲಿ ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದಲ್ಲಿ ಒಬ್ಬ ಜರ್ಮನ್ ವಿದ್ವಾಂಸನ ಕಣ್ಣಿಗೆ ಬಿತ್ತು. ಈಗ ಎಲ್ಲ ಪುಟಗಳೂ ಅಂತರ್ಜಾಲದಲ್ಲಿವೆ, ಮಕ್ಕಳಿಗೆ ತೋರಿಸಿ.

ಪಾದ್ರಿಯ ಜೊತೆ ತಿರುಗಿದ್ದು, ತನ್ನ ಜನರ ಪರ ಬರೆದದ್ದು, ಒಂದೇ ಮನುಷ್ಯನ ಬಾಳಿನಲ್ಲಿ ಎರಡೂ ಇದ್ದವು ನೋಡಿ. ಅವನನ್ನು ವೀರ ಅಥವಾ ದ್ರೋಹಿ ಎಂದು ಒಂದು ಕಡೆಗೆ ಎಳೆಯದೆ ಹಾಗೇ ಹೇಳಿದರೆ ಒಂಬತ್ತನೇ ತರಗತಿಯವರಿಗೂ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಹದಿನೇಳನೇ ಶತಮಾನದಲ್ಲಿ ಪಾದ್ರಿಗಳು ಮನೆ ಮನೆ ಶೋಧಿಸಿ ಕೊನೊಪಾಗಳನ್ನು ಕಸಿದುಕೊಂಡರು. ಆಲೂಗಡ್ಡೆ, ಜೋಳದ ತೆನೆ, ಲಾಮಾ ಪ್ರಾಣಿಯ ಆಕಾರದ ಅಂಗೈಯಗಲದ ಕಲ್ಲುಗಳು, ಮನೆದೇವರುಗಳು. ಎಷ್ಟು ಕಸಿದರೂ ಮುಗಿಯಲಿಲ್ಲ. 1780ರಲ್ಲಿ ಇಂಕಾ ದೊರೆಗಳ ವಂಶದವನೆಂದು ಹೇಳಿಕೊಂಡ ಎರಡನೇ ಟೂಪಾಕ್ ಅಮಾರು ಸ್ಪೇನಿನವರ ವಿರುದ್ಧ ದಂಗೆ ಎದ್ದ. 1781ರ ಮೇ 18ರಂದು ಅವನನ್ನೂ ಹೆಂಡತಿ ಮಿಕೇಲ ಬಸ್ತಿದಾಸಳನ್ನೂ ಕುಸ್ಕೊ ಚೌಕದಲ್ಲಿ ಕೊಂದರು. ಆ ತೀರ್ಪಿನಲ್ಲಿ ಅಧಿಕಾರಿ ಅರೆಚೆ ಬರೆಸಿದ್ದು ಓದಿ: ಇಂಕಾ ಉಡುಪು ಉಡಬಾರದು, ಇಂಕಾ ದೊರೆಗಳ ಚಿತ್ರ ಇಡಬಾರದು, ಅವರ ನಾಟಕ ಆಡಬಾರದು, ಶಂಖ ಊದಬಾರದು, ಕೆಚುವಾ ಬಿಟ್ಟು ಸ್ಪ್ಯಾನಿಷ್ ಕಲಿಯಬೇಕು. ಗೆದ್ದು 250 ವರ್ಷ ಆಗುತ್ತ ಬಂದಿದ್ದರೂ ಇಷ್ಟನ್ನು ಹೊಸದಾಗಿ ನಿಷೇಧಿಸಬೇಕಾಯಿತು ಅಂದರೆ ಅಷ್ಟೂ ಅಲ್ಲಿ ಬದುಕಿತ್ತು.

1975ರಲ್ಲಿ ಪೆರು ಸರ್ಕಾರ ಕೆಚುವಾವನ್ನು ಅಧಿಕೃತ ಭಾಷೆ ಮಾಡಿತು. 2017ರ ಜನಗಣತಿಯಲ್ಲಿ ಆ ದೇಶದಲ್ಲೇ 37 ಲಕ್ಷಕ್ಕೂ ಹೆಚ್ಚು ಜನ ಅದನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಕುಸ್ಕೊ ಹತ್ತಿರದ ಪಿಸಾಕ್‌ನಲ್ಲಿ ಕೆಲವು ಕೆಚುವಾ ಹಳ್ಳಿಗಳು ಸೇರಿ ಆಲೂಗಡ್ಡೆ ಉದ್ಯಾನ ಮಾಡಿಕೊಂಡಿವೆ. ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಹಿಂದೆ ಇಂಥ ಹಳ್ಳಿಗಳಿಂದ ಸಂಗ್ರಹಿಸಿದ್ದ ತಳಿಗಳನ್ನು ರೋಗ ತೆಗೆದು ಹಿಂದಿರುಗಿಸಲು 2004ರಲ್ಲಿ ಒಪ್ಪಂದವಾಯಿತು. ವಿಜ್ಞಾನಿಗಳು ರೈತರಿಗೆ "ಇದು ನಿಮ್ಮದು" ಎಂದು ಬೀಜ ವಾಪಸು ಕೊಟ್ಟದ್ದನ್ನು ನಾನು ಓದಿದ್ದು ಅದೇ ಮೊದಲು. ವೃತ್ತಿಯಲ್ಲಿದ್ದವನಿಗೆ ಅದು ಎಷ್ಟು ದೊಡ್ಡದು ಎಂದು ಹೇಳಲು ಬರುವುದಿಲ್ಲ.

ಹಳೇಬೀಡು ಗೈಡ್

ಮೇಡಂ, ಮೆಕ್ಕೆಜೋಳದ ಪ್ರಶ್ನೆ ನನಗೆ ಬಿಡಿ. ವಾರಕ್ಕೊಬ್ಬರಾದ್ರೂ ಇದನ್ನ ಕೇಳ್ತಾರೆ.

1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಅಂತ ಇಬ್ಬರು ಅಮೆರಿಕದ ಸಂಶೋಧಕರು ನಮ್ಮ ಹೊಯ್ಸಳ ದೇವಸ್ಥಾನಗಳ ಶಿಲ್ಪ ನೋಡಿ, ಕೈಲಿರೋದು ಮೆಕ್ಕೆಜೋಳದ ತೆನೆ ಅಂತ ಬರೆದ್ರು. 1993ರಲ್ಲಿ ಪಾಯಕ್ ಮತ್ತು ಸಚಾನ್ ಅನ್ನೋ ನಮ್ಮ ದೇಶದ ಜೋಳದ ವಿಜ್ಞಾನಿಗಳು ಸೋಮನಾಥಪುರದ ಶಿಲ್ಪಗಳನ್ನ ಇಟ್ಕೊಂಡು ಅದಲ್ಲ ಅಂತ ಉತ್ತರ ಕೊಟ್ರು. ಅದು ಮುಕ್ತಾಫಲ, ಮುತ್ತು ಪೋಣಿಸಿದಂಗಿರೋ ಶಿಲ್ಪಿಯ ಕಲ್ಪನೆಯ ಹಣ್ಣು. ಆ ಕಾಲದ ಮೆಕ್ಕೆಜೋಳದ ಒಂದು ಕಾಳೂ ಇಲ್ಲಿ ಅಗೆತದಲ್ಲಿ ಸಿಕ್ಕಿಲ್ಲ. ನಾನು ಪ್ರವಾಸಿಗರಿಗೆ ಹೇಳೋದೂ ಇಷ್ಟೇ. ಕೇಳಿ ಕೆಲವರ ಮುಖ ಚಿಕ್ಕದಾಗ್ತದೆ. ಆದ್ರೆ ಒಂದು ಮಾತು ಯೋಚನೆ ಮಾಡಿ. ಮೆಕ್ಸಿಕೊದ ಬಲ್ಸಾಸ್ ಹೊಳೆ ಬಯಲಲ್ಲಿ ಸುಮಾರು 9,000 ವರ್ಷದ ಹಿಂದೆ ಟಿಯೊಸಿಂಟೆ ಅನ್ನೋ ಕಾಡುಹುಲ್ಲನ್ನ ಆರಿಸಿ ಆರಿಸಿ ಬಿತ್ತಿ ಮೆಕ್ಕೆಜೋಳ ಮಾಡಿದ್ದು ಆ ಮೂಲನಿವಾಸಿಗಳು. ಭೂಮಿ ಹೋಯ್ತು, ಚಿನ್ನ ಹೋಯ್ತು, ಇನ್ನು ಅವರ ಬೆಳೆಯ ಹೆಸರಲ್ಲೂ ನಾವು ಕೈ ಹಾಕೋದು ಬೇಡ ಅಂತ ಆ ಹುಡುಗನಿಗೆ ಹೇಳಿ. ಹೊಯ್ಸಳರ ಶಿಲ್ಪಿಗೆ ದೊಡ್ಡಸ್ತಿಕೆ ಬರೋಕೆ ಜೋಳದ ತೆನೆ ಬೇಕಾಗಿಲ್ಲ.

ಕಲ್ಲಿನ ವಿಷಯ ಬಂತಲ್ಲ, ಒಂದು ಕಥೆ ಹೇಳ್ತೀನಿ, ಇದನ್ನ ಮಕ್ಕಳಿಗೆ ಹೇಳಲೇಬೇಕು. 1790ರ ಆಗಸ್ಟ್ 13. ಮೆಕ್ಸಿಕೊ ನಗರದ ದೊಡ್ಡ ಚೌಕಕ್ಕೆ ನೆಲಗಲ್ಲು ಹಾಕಿಸೋಕೆ ಅಗೀತಿದ್ರು. ಎಂಟಡಿಗೂ ಎತ್ತರದ ಒಂದು ದೇವಿ ಎದ್ದಳು. ಕೊವಾಟ್ಲಿಕ್ವೆ. ಹಾವುಗಳನ್ನೇ ಹೆಣೆದ ಸೀರೆ, ಕೊರಳಲ್ಲಿ ಕೈ, ಹೃದಯ, ತಲೆಬುರುಡೆಯ ಹಾರ, ತಲೆಯ ಜಾಗದಲ್ಲಿ ಎದುರುಬದುರು ಎರಡು ಹಾವಿನ ಮುಖ. ಪೀಠದ ಅಡಿಗೆ, ನೆಲಕ್ಕೆ ತಾಗೋ ಕಡೆ, ಯಾರಿಗೂ ಕಾಣದ ಜಾಗದಲ್ಲೂ ಭೂಮಿ ದೇವತೆಯನ್ನ ಕೆತ್ತಿದ್ದಾರೆ! ಯಾರ ಕಣ್ಣಿಗೂ ಅಲ್ಲ, ಭೂಮಿಗೇ ಅಂತ ಕೆತ್ತಿದ್ದು. ನಾನು ದಿನಾ ಶಿಲ್ಪದ ಮುಂದೆ ನಿಲ್ಲೋನು, ಇದನ್ನ ಓದಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ.

ಅದನ್ನ ವಿಶ್ವವಿದ್ಯಾಲಯದ ಅಂಗಳದಲ್ಲಿ ಇಟ್ರು. ಟೆನೊಚ್ಟಿಟ್ಲಾನ್ ಬಿದ್ದು ಆಗಲೇ 269 ವರ್ಷ. ಮೂಲನಿವಾಸಿಗಳು ಮೇಣದ ಬತ್ತಿ, ಹೂವು ತಂದು ಅದರ ಮುಂದೆ ಇಡೋಕೆ ಶುರು ಮಾಡಿದ್ರು. ಅಲ್ಲಿನವರು ಹೆದರಿ ದೇವಿಯನ್ನ ಅಂಗಳದಲ್ಲೇ ಮತ್ತೆ ಹೂತುಬಿಟ್ರು. 1803ರಲ್ಲಿ ಹಂಬೋಲ್ಟ್ ಅನ್ನೋ ಜರ್ಮನ್ ವಿದ್ವಾಂಸ ಬಂದು ನೋಡಬೇಕು ಅಂದಾಗ ತೆಗೆದು ತೋರಿಸಿ ಪುನಃ ಮುಚ್ಚಿದ್ರು. ಈಗ ಅದು ಮೆಕ್ಸಿಕೊದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ನಡು ಹಜಾರದಲ್ಲಿ ನಿಂತಿದೆ. ಎಂಟು ತಲೆಮಾರಾದ್ರೂ ಆ ಹೂ ತಂದ ಜನ ತಮ್ಮ ತಾಯನ್ನ ಗುರುತು ಹಿಡಿದ್ರು ಮೇಡಂ.

ನಿಮ್ಮ ಮಕ್ಕಳನ್ನ ಕರ್ಕೊಂಡು ಬನ್ನಿ, ಆ ಮುಕ್ತಾಫಲ ಎಲ್ಲೆಲ್ಲಿದೆ ಅಂತ ನಾನೇ ತೋರಿಸ್ತೀನಿ, ದುಡ್ಡು ಬೇಡ.

ಚಿಕ್ಕಮಗಳೂರು ಎಂಎ

ಗೈಡ್ ಅಣ್ಣ, ತುಂಬಾ ಚೆನ್ನಾಗಿ ಹೇಳಿದ್ರಿ. ಆದರೂ ನನಗೆ ಒಂದು ತಕರಾರು ಇದೆ. ಹೂ ಇಟ್ಟವರು ಭಾನುವಾರ ಚರ್ಚಿಗೂ ಹೋಗುತ್ತಿದ್ದವರೇ ತಾನೇ? ಇವತ್ತು ಮೆಕ್ಸಿಕೊದ ಬಹುಪಾಲು ಜನ ಕ್ಯಾಥೊಲಿಕರು, ಮಾತಾಡೋದು ಸ್ಪ್ಯಾನಿಷ್. 1562ರ ಜುಲೈ 12ರಂದು ಮೆಕ್ಸಿಕೊದ ಯುಕಟಾನ್‌ನ ಮಾನಿ ಊರಲ್ಲಿ ದಿಯೆಗೊ ದೆ ಲಾಂಡ ಅನ್ನೋ ಪಾದ್ರಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಇವತ್ತು ಇಡೀ ಜಗತ್ತಿನಲ್ಲಿ ಉಳಿದಿರೋ ಮಾಯಾ ಹಸ್ತಪ್ರತಿಗಳು ನಾಲ್ಕೇ ನಾಲ್ಕು. ಒಂದು ನಾಗರಿಕತೆಯ ಓದುಬರಹವನ್ನೇ ಅಳಿಸಿದ ಮೇಲೆ, ಮಿಕ್ಕ ಹಾಡು ಕುಣಿತವನ್ನು ಪ್ರತಿರೋಧ ಅಂತ ಕರೆಯೋದು ನಮ್ಮ ಮನಸ್ಸಿನ ಸಮಾಧಾನಕ್ಕೆ ಇರಬಹುದಲ್ಲವಾ?

ನಿವೃತ್ತ ತೋಟಗಾರಿಕೆ ಅಧಿಕಾರಿ, ಹಾಸನ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಾನು ಒಪ್ಪುವುದಿಲ್ಲ, ಏಕೆಂದು ಹೇಳುತ್ತೇನೆ.

ಮಾಯಾ ಪುಸ್ತಕ ಸುಟ್ಟರು, ನಿಜ. ಅದೇ ಕಾಲದಲ್ಲಿ, 1550ರ ದಶಕದ ಸುಮಾರಿಗೆ, ಗ್ವಾಟೆಮಾಲದ ಕಿಚೆ ಮಾಯಾ ಹಿರಿಯರು ಪಾದ್ರಿಗಳಿಂದ ಕಲಿತ ಲ್ಯಾಟಿನ್ ಅಕ್ಷರದಲ್ಲೇ ತಮ್ಮ ಸೃಷ್ಟಿಕಥೆ ಪೊಪೊಲ್ ವುಹ್ ಅನ್ನು ಕಿಚೆ ಭಾಷೆಯಲ್ಲಿ ಬರೆದಿಟ್ಟರು. ಕ್ರೈಸ್ತರ ಆಳ್ವಿಕೆಯೊಳಗೆ ಕೂತು ಇದನ್ನು ಬರೆಯುತ್ತಿದ್ದೇವೆ ಎಂದು ಅದರ ಆರಂಭದಲ್ಲೇ ಇದೆ. 1701ರಿಂದ 1703ರ ನಡುವೆ ಚಿಚಿಕಾಸ್ಟೆನಾಂಗೊ ಊರಿನ ಪಾದ್ರಿ ಹಿಮೆನೆಸ್ ಅದನ್ನು ನಕಲು ಮಾಡಿಕೊಂಡದ್ದರಿಂದ ನಮಗೆ ಸಿಕ್ಕಿದೆ. ಮನುಷ್ಯನನ್ನು ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದರು ಎಂಬ ಕಥೆ ಅದರಲ್ಲಿದೆ. 260 ದಿನದ ಪಂಚಾಂಗ ಎಣಿಸುವ ಹಿರಿಯರು ಆ ಬೆಟ್ಟಗಳಲ್ಲಿ ಇವತ್ತಿಗೂ ಇದ್ದಾರೆ, ಮಾಯಾ ಕುಟುಂಬದ ಸುಮಾರು 30 ಭಾಷೆಗಳು ಈಗಲೂ ಮಾತಿನಲ್ಲಿವೆ.

ಈಗ ಚರ್ಚಿನ ವಿಷಯ. ಇವತ್ತಿನ ನ್ಯೂ ಮೆಕ್ಸಿಕೊ ರಾಜ್ಯದ ಪ್ವೆಬ್ಲೊ ಜನರನ್ನು ನೋಡಿ. ಅವರ ಪೂಜೆ ನೆಲದಡಿಯ ಕಿವಾ ಎಂಬ ಕೋಣೆಗಳಲ್ಲಿ. ಸ್ಪೇನಿನವರು ಕಿವಾಗಳಿಗೆ ನುಗ್ಗಿ ಮುಖವಾಡಗಳನ್ನು ಸುಟ್ಟರು. ಬರ ಬಂದು ಜನ ಹಸಿದಿದ್ದ ಹೊತ್ತಿನಲ್ಲಿ, 1675ರಲ್ಲಿ, ಮಾಟ ಮಾಡುತ್ತಾರೆಂದು 47 ಹಿರಿಯರನ್ನು ಹಿಡಿದರು. ನಾಲ್ವರಿಗೆ ಗಲ್ಲು ವಿಧಿಸಿ, ಉಳಿದವರಿಗೆ ಚಾಟಿಯೇಟು ಕೊಟ್ಟರು. ಹಾಗೆ ಏಟು ತಿಂದವರಲ್ಲಿ ಪೊಪೆ ಎಂಬಾತ ಒಬ್ಬ. ಅವನು ಟಾವೊಸ್ ಊರಿನಲ್ಲಿ ಅಡಗಿ ಕೂತು, ಬೇರೆ ಬೇರೆ ಭಾಷೆಯಾಡುವ, ನೂರಾರು ಮೈಲಿ ಹರಡಿದ ಹಳ್ಳಿಗಳನ್ನು ಒಗ್ಗೂಡಿಸಿದ. ಓಡುವ ಹುಡುಗರ ಕೈಯಲ್ಲಿ ಗಂಟು ಹಾಕಿದ ಹಗ್ಗ ಕಳಿಸಿದ. ದಿನಕ್ಕೊಂದು ಗಂಟು ಬಿಚ್ಚಬೇಕು, ಗಂಟು ಮುಗಿದ ದಿನ ಏಳಬೇಕು. ಕಾಟುವ, ಓಮ್ಟುವ ಎಂಬ ಇಬ್ಬರು ಓಟಗಾರರು ಸಿಕ್ಕಿಬಿದ್ದದ್ದರಿಂದ ದಿನ ಹಿಂದಕ್ಕೆ ತಂದು 1680ರ ಆಗಸ್ಟ್ 10ರಂದೇ ಎದ್ದರು. 21 ಪಾದ್ರಿಗಳೂ ಸೇರಿ ಸುಮಾರು 400 ಮಂದಿ ಸ್ಪೇನಿನ ಕಡೆಯವರು ಸತ್ತರು. ಉಳಿದವರು ಸಾಂತಾ ಫೆ ಬಿಟ್ಟು ದಕ್ಷಿಣಕ್ಕೆ ಓಡಿದರು. ಹನ್ನೆರಡು ವರ್ಷ ಆ ನಾಡು ಪ್ವೆಬ್ಲೊಗಳ ಕೈಯಲ್ಲಿತ್ತು.

1692ರಲ್ಲಿ ಸ್ಪೇನಿನವರು ಮರಳಿ ಬಂದರು. ಆದರೆ ಹಳೆಯ ಬಿಟ್ಟಿ ಚಾಕರಿಯ ಪದ್ಧತಿಯನ್ನು ಮತ್ತೆ ಹೇರಲಾಗಲಿಲ್ಲ, ಕಿವಾಗಳ ತಂಟೆಗೂ ಹಿಂದಿನಂತೆ ಹೋಗಲಿಲ್ಲ. ಇವತ್ತು ಆ ಹಳ್ಳಿಗಳಲ್ಲಿ ಸಂತನ ಹಬ್ಬದ ದಿನ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಆಮೇಲೆ ಅದೇ ಚೌಕದಲ್ಲಿ ಜೋಳದ ಕುಣಿತ. ಕಿವಾದೊಳಗೆ ನಡೆಯುವುದನ್ನು ಹೊರಗಿನವರಿಗೆ ತೋರಿಸುವುದಿಲ್ಲ, ಫೋಟೋ ಬೇಡ, ಪ್ರಶ್ನೆಯೂ ಬೇಡ. ಇದನ್ನು ಸೋಲು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಅವರು ಚರ್ಚಿಗೆ ಎಷ್ಟು ಒಪ್ಪಿಸಬೇಕೋ ಅಷ್ಟನ್ನು ಒಪ್ಪಿಸಿ, ಯಾವುದನ್ನು ಕೊಡಬಾರದೋ ಅದನ್ನು ಕೊಡಲಿಲ್ಲ.

2005ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪೊಪೆಯ ಪ್ರತಿಮೆ ನಿಲ್ಲಿಸಿದರು. ಕೆತ್ತಿದವನು ಹೆಮೆಸ್ ಪ್ವೆಬ್ಲೊದ ಶಿಲ್ಪಿ ಕ್ಲಿಫ್ ಫ್ರಾಗುವ. ಕೈಯಲ್ಲಿ ಗಂಟಿನ ಹಗ್ಗ, ಬೆನ್ನಿನ ಮೇಲೆ ಚಾಟಿಯ ಗಾಯದ ಗುರುತು.

ಮೂಡಿಗೆರೆಯವಳು

ಮೇಡಂ, ನಮ್ಮೂರು ಮೂಡಿಗೆರೆ. ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನರ್ಸ್ ಆಗಿದ್ದೀನಿ. ಇಲ್ಲಿ ಎಲ್ಲರೂ ಸ್ಪೇನಿನ ಬಗ್ಗೆನೇ ಹೇಳ್ತಿದ್ದಾರೆ, ಇಂಗ್ಲಿಷರ ಕಡೆಯದೂ ಸೇರಿಸಿ ಅಂತ ಬರೀತಿದ್ದೀನಿ. ನಿಮ್ಮ ಹುಡುಗಿಯ ಭಾಷೆ ಪ್ರಶ್ನೆಗೆ ಇದೇ ಹತ್ತಿರ.

ಇಲ್ಲಿ ಮೂಲನಿವಾಸಿ ಮಕ್ಕಳನ್ನ ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕ್ತಿದ್ರು. ಹತ್ತೊಂಬತ್ತನೇ ಶತಮಾನದಿಂದ ಶುರುವಾಗಿ ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಸುಮಾರು ಒಂದೂವರೆ ಲಕ್ಷ ಮಕ್ಕಳು. ತಲೆಗೂದಲು ಕತ್ತರಿಸ್ತಿದ್ರು, ತಾಯಿ ಭಾಷೆ ಆಡಿದ್ರೆ ಹೊಡೀತಿದ್ರು. ಸಾವಿರಾರು ಮಕ್ಕಳು ವಾಪಸ್ ಬರಲೇ ಇಲ್ಲ. ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಇದನ್ನ ಸಾಂಸ್ಕೃತಿಕ ನರಮೇಧ ಅಂತಲೇ ಕರೀತು. ನಾನು ನೋಡಿಕೊಳ್ಳೋ ವಯಸ್ಸಾದವರಲ್ಲಿ ಆ ಶಾಲೆಗಳಿಂದ ಬಂದವರಿದ್ದಾರೆ. ಆಸ್ಪತ್ರೆಯ ಊಟದ ಗಂಟೆ, ಸಾಲಾಗಿ ನಿಲ್ಲಿ ಅನ್ನೋ ಮಾತು ಕೇಳಿದ್ರೂ ಅವರಿಗೆ ಆಗಲ್ಲ.

ಇಲ್ಲಿನ ಕರಾವಳಿಯ ಕ್ವಾಕ್ವಕವಕ್ವ ಜನರಿಗೆ ಪಾಟ್ಲಾಚ್ ಅಂತ ಒಂದು ದೊಡ್ಡ ಕೂಟ ಇದೆ. ಮದುವೆ, ನಾಮಕರಣ, ಸಾವು, ಮುಖಂಡತನ, ಯಾವುದಕ್ಕೂ ಅದು ಬೇಕು. ಕರೆದವನು ಬಂದವರಿಗೆಲ್ಲ ಹಂಚ್ತಾನೆ, ಕೊಟ್ಟಷ್ಟೂ ಮನೆತನದ ಗೌರವ. ಬಂದವರು ಸಾಕ್ಷಿ. ಮುಖವಾಡ ಹಾಕಿ ಮನೆತನದ ಕಥೆ ಕುಣೀತಾರೆ. ಸರ್ಕಾರ ಇದನ್ನ ದುಂದು ಅಂತ 1885ರಿಂದ ಕಾನೂನು ಮಾಡಿ ನಿಷೇಧಿಸ್ತು. 1951ರವರೆಗೂ ನಿಷೇಧ ಇತ್ತು.

ಜನ ಬಿಡಲಿಲ್ಲ. ಪೊಲೀಸ್ ದೋಣಿ ಬರೋಕೆ ಆಗದ ಚಳಿಗಾಲದಲ್ಲಿ, ದೂರದ ಊರುಗಳಲ್ಲಿ ಕೂಟ ಸೇರಿದ್ರು. 1921ರ ಕ್ರಿಸ್ಮಸ್ ಸಮಯದಲ್ಲಿ ವಿಲೇಜ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ದೊಡ್ಡ ಪಾಟ್ಲಾಚ್ ಮಾಡಿದ. ಸುದ್ದಿ ಸಿಕ್ಕಿ 45 ಜನರ ಮೇಲೆ ಕೇಸ್ ಹಾಕಿದ್ರು. ಆರೋಪ ಏನು ಗೊತ್ತಾ? ಭಾಷಣ ಮಾಡಿದ್ದು, ಕುಣಿದಿದ್ದು, ಉಡುಗೊರೆ ಹಂಚಿದ್ದು. ಮುಖವಾಡ, ತಾಮ್ರದ ಫಲಕ ಎಲ್ಲ ಒಪ್ಪಿಸಿದ್ರೆ ಜೈಲಿಲ್ಲ ಅಂದ್ರು. ಸುಮಾರು ಇಪ್ಪತ್ತು ಜನ ಜೈಲಿಗೆ ಹೋದ್ರು. ಒಪ್ಪಿಸಿದ ವಸ್ತುಗಳು ಒಟ್ಟಾವ, ಟೊರೊಂಟೊ, ನ್ಯೂಯಾರ್ಕ್ ಸಂಗ್ರಹಾಲಯ ಸೇರಿದ್ವು. ನಿಷೇಧ ಹೋದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಪತ್ರ ಬರೆದು, ಜಗಳ ಆಡಿ ಒಂದೊಂದಾಗಿ ವಾಪಸ್ ತರಿಸಿದ್ರು. 1980ರಲ್ಲಿ ಅಲರ್ಟ್ ಬೇ ಊರಲ್ಲಿ ಉಮಿಸ್ತ ಕೇಂದ್ರ ತೆರೆದ್ರು. ನಾನು ಹೋಗಿ ನೋಡಿದ್ದೀನಿ. ಪಾಟ್ಲಾಚ್‌ನಲ್ಲಿ ಬರೋ ಕ್ರಮದಲ್ಲೇ ಮುಖವಾಡಗಳನ್ನ ಇಟ್ಟಿದ್ದಾರೆ, ಗಾಜಿನ ಪೆಟ್ಟಿಗೆ ಇಲ್ಲ. ಇಷ್ಟು ವರ್ಷ ಬೀಗದೊಳಗಿದ್ದದ್ದು ಸಾಕು ಅಂತ. ಅದರ ಪಕ್ಕದಲ್ಲೇ ಸೇಂಟ್ ಮೈಕಲ್ಸ್ ವಸತಿ ಶಾಲೆಯ ಕೆಂಪು ಇಟ್ಟಿಗೆ ಕಟ್ಟಡ ಇತ್ತು. 2015ರಲ್ಲಿ ಅದನ್ನ ಕೆಡವಿದ್ರು.

ಈಗ ಅಜ್ಜಿಯರು ಚಿಕ್ಕ ಮಕ್ಕಳಿಗೆ ಭಾಷೆ ಕಲಿಸ್ತಿದ್ದಾರೆ. ಮಧ್ಯದ ತಲೆಮಾರಿಗೆ ಬರಲ್ಲ, ಅವರ ಬಾಯಿಂದ ಅದನ್ನ ಹೊಡೆದೇ ತೆಗೆದಿದ್ರು. ಮೇಡಂ, ಆ ಹುಡುಗಿಗೆ ಒಂದು ದಿನ ತರಗತಿಯಲ್ಲಿ ವಾಗ್ರಿಯಲ್ಲಿ ಒಂದು ಹಾಡು ಹೇಳು ಅಂತ ಕೇಳಿ. ಬೇಡ ಅಂದ್ರೆ ಬಲವಂತ ಬೇಡ. ಟೀಚರ್ ಕೇಳಿದ್ರು ಅನ್ನೋದೇ ಅವಳಿಗೆ ಬಹಳ.

ಬೇಲೂರು ಟೀಚರ್

ಎಲ್ಲರಿಗೂ ಕೈಮುಗಿದು ಧನ್ಯವಾದ. ಇವತ್ತು ಗುವಾಮನ್ ಪೊಮನ ಆಲೂಗಡ್ಡೆ ಚಿತ್ರ ಮೊಬೈಲಲ್ಲಿ ತೋರಿಸಿದೆ, ನಾಳೆ ಪಾಟ್ಲಾಚ್. ಮೂಡಿಗೆರೆ ಅಕ್ಕ, ನೀವು ಹೇಳಿದಂಗೇ ಮೆಲ್ಲಗೆ ಕೇಳಿದೆ. ಅಜ್ಜಿಯನ್ನ ಕೇಳಿಕೊಂಡು ಬರ್ತೀನಿ ಅಂದಿದ್ದಾಳೆ. ಹಳೇಬೀಡಿಗೆ ಖಂಡಿತ ಬರ್ತೀವಿ ಗೈಡ್ ಅವರೇ, ಹೆಡ್‌ಮಾಸ್ಟರ ಒಪ್ಪಿಗೆ ತಗೋಬೇಕು.

ಅಧಿಕಾರಿ ಸರ್, ಗಂಟಿನ ಹಗ್ಗ ಮಕ್ಕಳಿಗೆ ತುಂಬಾ ಹಿಡಿಸಿತು. ಇಂಕಾಗಳೂ ಗಂಟು ಹಾಕಿಯೇ ಲೆಕ್ಕ ಇಡ್ತಿದ್ದರಂತಲ್ಲ, ಅದನ್ನ ಈಗ ಯಾರಾದರೂ ಓದ್ತಾರಾ?

ನಿವೃತ್ತ ತೋಟಗಾರಿಕೆ ಅಧಿಕಾರಿ, ಹಾಸನ

ಅದು ಕಿಪು, ಟೀಚರಮ್ಮ. ಒಂದು ಮುಖ್ಯ ಹಗ್ಗಕ್ಕೆ ಹತ್ತಾರು, ಕೆಲವೊಮ್ಮೆ ನೂರಾರು ಎಳೆಗಳು. ಎಳೆಯ ಬಣ್ಣ, ಗಂಟಿನ ಬಗೆ, ಗಂಟು ಇರುವ ಎತ್ತರ, ಎಲ್ಲಕ್ಕೂ ಅರ್ಥ. ಕೆಳಗಿನಿಂದ ಬಿಡಿ, ಹತ್ತು, ನೂರು ಎಂದು ಏರುತ್ತದೆ. ಈ ಸಂಖ್ಯೆಯ ಕ್ರಮವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲೆಲ್ಯಾಂಡ್ ಲಾಕ್ ಎಂಬ ಅಮೆರಿಕನ್ ವಿದ್ವಾಂಸ ಬಿಡಿಸಿದ. ತರಗತಿಯಲ್ಲಿ ಉಲ್ಲನ್ ದಾರ ಕೊಟ್ಟು ಮಾಡಿಸಬಹುದು, ಸ್ಥಾನಬೆಲೆಯ ಪಾಠವೂ ಆಗುತ್ತದೆ, ಗಣಿತದ ಮೇಷ್ಟ್ರನ್ನೂ ಕರೆಯಿರಿ.

ಆದರೆ ಕಥೆ, ಪತ್ರ, ವಂಶಾವಳಿಯನ್ನೂ ಗಂಟಿನಲ್ಲಿ ಇಡುತ್ತಿದ್ದರು. ಅದನ್ನು ಓದುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ. 1583ರಲ್ಲಿ ಲಿಮಾದ ಚರ್ಚ್ ಪರಿಷತ್ತು ವಿಗ್ರಹಾರಾಧನೆಯ ಕಿಪುಗಳನ್ನು ನಾಶಮಾಡಿ ಎಂದು ಆದೇಶಿಸಿತು. ಹಾಗಿದ್ದೂ ಪೆರುವಿನ ಕೆಲವು ಬೆಟ್ಟದ ಹಳ್ಳಿಗಳು ತಮ್ಮ ಕಿಪುಗಳನ್ನು ಇಂದಿಗೂ ಕಾಪಾಡಿಕೊಂಡಿವೆ. ಟುಪಿಕೊಚ ಹಳ್ಳಿಯಲ್ಲಿ ವರ್ಷದ ಆರಂಭದಲ್ಲಿ ಹೊಸ ಪದಾಧಿಕಾರಿಗಳ ಹೆಗಲಿಗೆ ಕಿಪು ಹಾಕಿ ಅಧಿಕಾರ ವಹಿಸುತ್ತಾರೆ. ಸಾನ್ ಹ್ವಾನ್ ದೆ ಕೊಯಾಟ ಎಂಬ ಹಳ್ಳಿಯವರು ಚರ್ಚಿನ ನೆಲದಡಿ ಒಂದು ಮರದ ಪೆಟ್ಟಿಗೆಯಲ್ಲಿ ಎರಡು ಕಿಪುಗಳನ್ನು ತಲೆಮಾರುಗಳಿಂದ ಬಚ್ಚಿಟ್ಟಿದ್ದರು. 2015ರಲ್ಲಿ ಸಬೀನ್ ಹೈಲ್ಯಾಂಡ್ ಎಂಬ ಸಂಶೋಧಕಿಯನ್ನು ಕರೆದು ತೋರಿಸಿದರು. ಹದಿನೆಂಟನೇ ಶತಮಾನದ ದಂಗೆಯ ಕಾಲದಲ್ಲಿ ನಾಯಕರು ಬರೆದುಕೊಂಡ ಪತ್ರಗಳು ಇವು ಎಂದು ಹಳ್ಳಿಯ ಹಿರಿಯರ ಮಾತು. ಹದಿನಾಲ್ಕು ಬಣ್ಣ, ಬೇರೆ ಬೇರೆ ಪ್ರಾಣಿಗಳ ಕೂದಲು. ಯಾವ ಪ್ರಾಣಿಯ ಕೂದಲು ಎಂಬುದನ್ನು ಕಣ್ಣಿನಿಂದ ನೋಡಿದರೆ ಸಾಲದು, ಬೆರಳಿನಿಂದ ಮುಟ್ಟಿ ತಿಳಿಯಬೇಕು ಎಂದು ಅವರೇ ಆಕೆಗೆ ಹೇಳಿಕೊಟ್ಟರು. ಆಕೆ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ 95 ಬಗೆಯ ಎಳೆಗಳನ್ನು ಗುರುತಿಸಿದ್ದಾರೆ. ಬರೀ ಲೆಕ್ಕಕ್ಕೆ ಅಷ್ಟು ಬಗೆ ಬೇಕಿಲ್ಲ, ಮಾತನ್ನೇ ಬರೆದಿರಬಹುದು ಎಂಬುದು ಅವರ ವಾದ. ಕೆಲಸ ನಡೆಯುತ್ತಿದೆ.